ನಿದ್ದೆಗೆಡುವ ಯಂತ್ರ, ಯಾರೂ ಓದದ ಕೋಷ್ಟಕ

ಮುಚ್ಚಿಟ್ಟ ಲ್ಯಾಪ್‌ಟಾಪ್ ಚೀಲದೊಳಗೇ ಎಚ್ಚೆತ್ತು, ಕಾದು, ಡೊಂಬಿವಿಲಿಯಲ್ಲಿ ರೈಲು ಹತ್ತಿದವರು ದಾದರಿನಲ್ಲಿ ಇಳಿಯುವಷ್ಟರಲ್ಲಿ ಬ್ಯಾಟರಿಯ ದೊಡ್ಡ ಪಾಲನ್ನು ಖಾಲಿ ಮಾಡಿರುವುದು ಈಗ ಯಾರಿಗೂ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ರಾತ್ರಿ ಮಲಗಿಸಿದ ಕಂಪ್ಯೂಟರು ಎರಡು ಸೆಕೆಂಡು ಕಣ್ಣು ಮುಚ್ಚಿ ಮತ್ತೆ ದೀಪ ಹೊತ್ತಿಸಿಕೊಂಡು ಕೂರುವುದೂ ಹಾಗೆಯೇ. ಬಹಳ ಮಂದಿ ಇದನ್ನು ಯಂತ್ರದ ಮುಪ್ಪೆಂದು ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಯಂತ್ರದಲ್ಲಿ ಲಿನಕ್ಸ್ ಇದ್ದರಂತೂ ತೀರ್ಪು ಕೂಡಲೇ ಹೊರಬೀಳುತ್ತದೆ: ಪುಕ್ಕಟೆ ತಂತ್ರಾಂಶ, ಅದರ ಹಣೆಬರಹವೇ ಇಷ್ಟು. ಈ ದೂರು ಹೆಚ್ಚಿನ ಸಲ ತಪ್ಪು ವಿಳಾಸಕ್ಕೆ ಬಟವಾಡೆಯಾಗುತ್ತಿದೆ ಎಂಬುದು ನನ್ನ ವಾದ. ದೋಷವಿರುವುದು ಬಹುಪಾಲು ಯಂತ್ರದ ಜತೆಗೇ ಬರುವ ಒಂದು ಬರಹದಲ್ಲಿ. ಅದನ್ನು ಬರೆದವರು ತಿದ್ದುವ ಗೋಜಿಗೆ ಹೋಗುವುದಿಲ್ಲ. ದುಡ್ಡು ಕೊಟ್ಟು ಕೊಂಡವರಿಗೆ ತಿದ್ದುವ ದಾರಿಯೂ ದಿನೇ ದಿನೇ ಕಿರಿದಾಗುತ್ತಿದೆ.

ಕತೆ, ಕವಿತೆ, ವಿಮರ್ಶೆಗಳ ಈ ಅಂಗಳದಲ್ಲಿ ಇಂಥ ವಿಷಯವೇಕೆ ಎಂದು ಹುಬ್ಬೇರಿಸುವವರಿಗೆ ಒಂದು ಸಮಜಾಯಿಷಿ. ನಾನು ಹೇಳಹೊರಟಿರುವುದು ಮೂಲತಃ ಪಾಠದೋಷದ ಕತೆ. ಓಲೆಗರಿಯ ಕಾಲದಲ್ಲಿ ಲಿಪಿಕಾರ ತನಗೆ ಅರ್ಥವಾಗದ ಸಾಲನ್ನು ಇದ್ದ ಹಾಗೆಯೇ ಇಳಿಸಿಕೊಳ್ಳುತ್ತಿದ್ದ, ಇಲ್ಲವೆ ತಿಳಿದಂತೆ ತಿದ್ದಿಬಿಡುತ್ತಿದ್ದ. ಅವನ ಪ್ರತಿಯಿಂದ ಇನ್ನೊಬ್ಬ, ಇನ್ನೊಬ್ಬನದರಿಂದ ಮತ್ತೊಬ್ಬ ಬರೆದುಕೊಂಡಂತೆ ತಪ್ಪಿಗೆ ಸಂತಾನ ಬೆಳೆಯುತ್ತಿತ್ತು. ಅಂಥ ತಪ್ಪುಗಳನ್ನು ಗುರುತಿಸಿ ಶುದ್ಧಪಾಠವನ್ನು ಹುಡುಕುವ ಶಾಸ್ತ್ರವನ್ನು ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ನಮಗೆ ಕಟ್ಟಿಕೊಟ್ಟರು. ಇಂದಿನ ಕಂಪ್ಯೂಟರುಗಳ ಒಡಲಲ್ಲಿರುವ ಕೋಷ್ಟಕಗಳೂ ಹೀಗೆಯೇ ಒಂದು ಮಾದರಿಯಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದವು. ಅವಕ್ಕೆ ಸಂಪಾದಕರೇ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಈ ಕೋಷ್ಟಕಗಳ ಹುಟ್ಟು 1996ರ ಡಿಸೆಂಬರಿನಲ್ಲಿ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಸೇರಿ ಎಸಿಪಿಐ ಎಂಬ ಮಾನಕವನ್ನು ಆಗ ಪ್ರಕಟಿಸಿದವು. ಅದಕ್ಕೂ ಮುಂಚೆ, 1992ರಿಂದ, ಎಪಿಎಂ ಎಂಬ ಏರ್ಪಾಡು ಬಳಕೆಯಲ್ಲಿತ್ತು. ಯಂತ್ರ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂಬುದನ್ನು ಅದರಲ್ಲಿ ಬಹುಮಟ್ಟಿಗೆ ಬಯಾಸ್ ತಾನೇ ಗುಟ್ಟಾಗಿ ತೀರ್ಮಾನಿಸುತ್ತಿತ್ತು. ಎಸಿಪಿಐ ಆ ಯಜಮಾನಿಕೆಯನ್ನು ಆಪರೇಟಿಂಗ್ ಸಿಸ್ಟಂಗೆ ವಹಿಸಿತು. ಇನ್ನು ಮುಂದೆ ಫರ್ಮ್‌ವೇರಿನ ಕೆಲಸ ಮನೆಯ ವಿವರ ಒಪ್ಪಿಸುವುದು ಮಾತ್ರ: ಎಷ್ಟು ಕೋಣೆ, ಯಾವ ಬಾಗಿಲಿಗೆ ಯಾವ ಬೀಗ, ಯಾವ ಗಂಟೆ ಬಾರಿಸಿದರೆ ಯಾರು ಏಳಬೇಕು. ಈ ವಿವರಗಳ ಪಟ್ಟಿಗಳೇ ಕೋಷ್ಟಕಗಳು. ಅವುಗಳಲ್ಲಿ ಹಿರಿಯದು ಡಿಎಸ್‌ಡಿಟಿ. ಹೆಸರಿಗೆ ಕೋಷ್ಟಕವಾದರೂ ಅದು ವಾಸ್ತವವಾಗಿ ಒಂದು ಕ್ರಮವಿಧಿ. ಎಎಂಎಲ್ ಎಂಬ ಸಂಕೇತಭಾಷೆಯಲ್ಲಿ ಬರೆದ ಅದನ್ನು ಕರ್ನೆಲ್ ತನ್ನೊಳಗೆ ಓದಿ ನಡೆಸುತ್ತದೆ. ಮಾನಕದ ಉಸ್ತುವಾರಿ 2013ರಲ್ಲಿ ಯುಇಎಫ್‌ಐ ಫೋರಂ ಎಂಬ ಕೂಟಕ್ಕೆ ಹೋಯಿತು. ಬರೆಯುವವರ ಅಭ್ಯಾಸ ಮಾತ್ರ ಬದಲಾಗಲಿಲ್ಲ.

ನಿದ್ದೆಗೂ ಈ ಮಾನಕ ಮೆಟ್ಟಿಲುಗಳನ್ನು ಕಟ್ಟಿದೆ. ಎಸ್0 ಎಂದರೆ ಪೂರ್ಣ ಎಚ್ಚರ, ಎಸ್5 ಎಂದರೆ ಆರಿಸಿದ ಸ್ಥಿತಿ. ನಡುವಿನವುಗಳಲ್ಲಿ ಎಸ್3 ಬಹುಕಾಲ ಎಲ್ಲರ ನೆಚ್ಚಿನದಾಗಿತ್ತು. ಅದರಲ್ಲಿ ನೆನಪಿನ ಚಿಪ್ಪುಗಳಿಗೆ ಮಾತ್ರ ತುಸು ವಿದ್ಯುತ್ತು ಹರಿಯುತ್ತದೆ, ಉಳಿದುದೆಲ್ಲ ಆರಿರುತ್ತದೆ. ಮಲಗಿದ ಯಂತ್ರವನ್ನು ಎಬ್ಬಿಸುವ ಅಧಿಕಾರ ಯಾವ ಯಾವ ಸಾಧನಗಳಿಗಿದೆ ಎಂಬುದನ್ನೂ ಡಿಎಸ್‌ಡಿಟಿಯೇ ಹೇಳಬೇಕು. ಅದಕ್ಕೆಂದು ಪ್ರತಿ ಸಾಧನದ ವಿವರಣೆಯಲ್ಲಿ ಪಿಆರ್‌ಡಬ್ಲ್ಯು ಎಂಬ ಒಂದು ಕಂಡಿಕೆ ಇರುತ್ತದೆ. ಅದರಲ್ಲಿ ಮುಖ್ಯವಾಗಿ ಎರಡು ಅಂಕಿಗಳು: ಎಬ್ಬಿಸುವ ಸಂಕೇತ ಯಾವ ತಂತಿಯಲ್ಲಿ ಬರುತ್ತದೆ ಎಂಬುದು ಒಂದು, ಎಷ್ಟು ಆಳದ ನಿದ್ದೆಯಿಂದ ಎಬ್ಬಿಸಬಲ್ಲದು ಎಂಬುದು ಇನ್ನೊಂದು. ಈ ಅಂಕಿಗಳಲ್ಲಿ ಒಂದು ತಪ್ಪಿದರೂ ಸಾಕು. ಇಂದ್ರಾಸನ ಕೇಳಹೋದ ಕುಂಭಕರ್ಣ ನಾಲಗೆ ತೊಡರಿ ನಿದ್ರಾಸನ ಕೇಳಿದನೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಆ ಕತೆ ಇಲ್ಲಿ ತಿರುವುಮುರುವಾಗಿ ನಡೆಯುತ್ತದೆ. ಒಂದಕ್ಷರ ತೊಡರಿದರೆ ಯಂತ್ರಕ್ಕೆ ನಿದ್ದೆಯೇ ಇಲ್ಲ, ಇಲ್ಲವೆ ಮಲಗಿದರೆ ಏಳುವುದೇ ಇಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಯಾವ ಸಾಧನ ನನ್ನ ಯಂತ್ರವನ್ನು ಎಬ್ಬಿಸಬಹುದು ಎಂಬುದು ನನ್ನ ಇಷ್ಟಾನಿಷ್ಟದ ವಿಚಾರ, ಅದು ಹೊಂದಾಣಿಕೆ. ಯಾವುದು ಎಬ್ಬಿಸಬಲ್ಲದು ಎಂಬ ಬಗ್ಗೆ ಕೋಷ್ಟಕ ಸುಳ್ಳು ಹೇಳುವುದು ದೋಷ. ಮೊದಲನೆಯದರ ಉದಾಹರಣೆಗೆ ತಂತಿಯಿಲ್ಲದ ಮೌಸನ್ನೇ ನೋಡಿ. ಲಿನಕ್ಸ್ ಸಾಮಾನ್ಯವಾಗಿ ಕೀಲಿಮಣೆಗೆ ಎಬ್ಬಿಸುವ ಅಧಿಕಾರ ಕೊಡುತ್ತದೆ, ಮೌಸಿಗೆ ಕೊಡುವುದಿಲ್ಲ. ಆದರೆ ಹಲವು ಮೌಸುಗಳ ಜತೆ ಬರುವ, ಉಗುರಿನಷ್ಟು ಪುಟ್ಟ ಯುಎಸ್‌ಬಿ ಗ್ರಾಹಕ ‘ನಾನು ಕೀಲಿಮಣೆಯೂ ಹೌದು’ ಎಂದು ಪರಿಚಯಿಸಿಕೊಳ್ಳುತ್ತದೆ. ಹಾಗಾಗಿ ಅದಕ್ಕೂ ಅಧಿಕಾರ ಸಿಕ್ಕಿಬಿಡುತ್ತದೆ. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಚೀಲದೊಳಗಿನ ಮೌಸಿನ ಗುಂಡಿ ಒತ್ತಿಕೊಂಡರೆ ಲ್ಯಾಪ್‌ಟಾಪ್ ಎದ್ದು ಕೂರುತ್ತದೆ. ಇದರಲ್ಲಿ ಯಾರದೂ ಮಹಾಪರಾಧವಿಲ್ಲ. ಆ ಗ್ರಾಹಕದ ಹೆಸರಿನಲ್ಲಿ ಅಧಿಕಾರವನ್ನು ಹಿಂತೆಗೆದುಕೊಂಡರೆ ಮುಗಿಯಿತು.

ಹಿಂತೆಗೆದುಕೊಳ್ಳುವ ದಾರಿಯೂ ಲಿನಕ್ಸಿನಲ್ಲಿ ತೆರೆದೇ ಇದೆ ಎಂಬುದು ನನಗೆ ಮೆಚ್ಚುಗೆಯ ಸಂಗತಿ. ಪ್ರಾಕ್ ಎಂಬ ಕೋಶದಲ್ಲಿ ಎಸಿಪಿಐ, ಅದರೊಳಗೆ ವೇಕಪ್ ಎಂಬ ಕಡತ. ಅದನ್ನು ತೆರೆದರೆ ಸಾಧನಗಳ ಯಾದಿ ಕಾಣಿಸುತ್ತದೆ: ಹೆಸರು, ಎಷ್ಟು ಆಳದ ನಿದ್ದೆಯಿಂದ ಎಬ್ಬಿಸಬಲ್ಲದು, ಈಗ ಅಧಿಕಾರ ಇದೆಯೋ ಇಲ್ಲವೋ. ಹೆಸರುಗಳು ನಾಲ್ಕೇ ಅಕ್ಷರಗಳಲ್ಲಿ ಮುಗಿಯಬೇಕೆಂಬ ಕಟ್ಟಳೆಯಿರುವುದರಿಂದ ಛಂದಸ್ಸಿಗೆ ಸಿಕ್ಕ ಪದಗಳಂತೆ ಮುರಿದುಕೊಂಡಿರುತ್ತವೆ. ಎಲ್‌ಐಡಿ0 ಎಂದರೆ ಮುಚ್ಚಳ, ಪಿಡಬ್ಲ್ಯುಆರ್‌ಬಿ ಎಂದರೆ ಚಾಲನೆಯ ಗುಂಡಿ, ಎಕ್ಸ್‌ಎಚ್‌ಸಿ ಎಂದರೆ ಯುಎಸ್‌ಬಿಯ ನಿಯಂತ್ರಕ. ಯಾವುದಾದರೂ ಒಂದು ಹೆಸರನ್ನು ಅದೇ ಕಡತಕ್ಕೆ ಬರೆದರೆ ಅದರ ಅಧಿಕಾರ ಬದಲಾಗುತ್ತದೆ. ಬದಲಾಗುತ್ತದೆ ಎಂದೆ, ರದ್ದಾಗುತ್ತದೆ ಎನ್ನಲಿಲ್ಲ. ಇದ್ದರೆ ಹೋಗುತ್ತದೆ, ಇಲ್ಲದಿದ್ದರೆ ಬರುತ್ತದೆ. ಒಂದೇ ಆದೇಶವನ್ನು ಎರಡು ಸಲ ಕೊಟ್ಟವರು ಮೊದಲಿದ್ದಲ್ಲಿಗೇ ಮರಳುತ್ತಾರೆ. ಯಂತ್ರವನ್ನು ಆರಿಸಿ ಹೊತ್ತಿಸಿದರೆ ಕೋಷ್ಟಕದ ಮಾತು ಮತ್ತೆ ಮೊದಲಿನಂತೆ ಚಾಲ್ತಿಗೆ ಬರುವುದರಿಂದ ಪ್ರತಿ ಬಾರಿಯೂ ಹೇಳಿಸುವ ಏರ್ಪಾಡು ಮಾಡಿಕೊಳ್ಳಬೇಕು.

ಯಾವ ಸಾಧನ ಎಬ್ಬಿಸಿತು ಎಂದು ಪತ್ತೆಹಚ್ಚುವುದು ಇದಕ್ಕಿಂತ ಸ್ವಾರಸ್ಯದ ಕೆಲಸ. ಎಬ್ಬಿಸುವ ತಂತಿಗಳಿಗೆ ಒಂದೊಂದಕ್ಕೂ ಕರ್ನೆಲ್ ಲೆಕ್ಕ ಇಟ್ಟಿರುತ್ತದೆ. ಮಲಗಿಸುವ ಮುಂಚೆ ಆ ಲೆಕ್ಕವನ್ನು ಬರೆದಿಟ್ಟುಕೊಂಡು, ಎದ್ದ ಮೇಲೆ ಮತ್ತೆ ನೋಡಿದರೆ ಯಾವ ಅಂಕಿ ಏರಿದೆಯೋ ಆ ತಂತಿಯ ತುದಿಯಲ್ಲಿ ಅಪರಾಧಿ ಕುಳಿತಿರುತ್ತಾನೆ. ಯಂತ್ರ ಏಳುವ ದಾರಿಯಲ್ಲಿಯೇ ಸತ್ತರೆ ಕಷ್ಟ ಹೆಚ್ಚು, ಏಕೆಂದರೆ ಸತ್ತ ಯಂತ್ರ ಸಾಕ್ಷಿ ನುಡಿಯಲಾರದು. ಅದಕ್ಕೂ ಕರ್ನೆಲ್ ಬರೆದವರು ಒಂದು ಉಪಾಯ ಹುಡುಕಿದ್ದಾರೆ. ಎಚ್ಚರಗೊಳ್ಳುವಾಗ ಪ್ರತಿ ಹೆಜ್ಜೆಯ ಗುರುತನ್ನೂ ಸಂಕೇತರೂಪದಲ್ಲಿ ಯಂತ್ರದ ಗಡಿಯಾರದಲ್ಲಿ ಬರೆದಿಡುತ್ತ ಹೋಗುವುದು. ವಿದ್ಯುತ್ತು ಹೋದರೂ ಅಳಿಯದೆ ಉಳಿಯುವ ಜಾಗ ಅದೊಂದೇ ತಾನೆ? ಮತ್ತೆ ಚಾಲೂ ಮಾಡಿದಾಗ ಗಡಿಯಾರ ತೋರುವ ಅಸಂಬದ್ಧ ತಾರೀಖಿನಿಂದ ಎಲ್ಲಿ ಮುಗ್ಗರಿಸಿತು ಎಂಬುದನ್ನು ಬಿಡಿಸಿಕೊಳ್ಳಬಹುದು. ಕಾಲವನ್ನು ಅಳಿಸಿ ಅದರ ಜಾಗದಲ್ಲಿ ಮರಣದ ಕಾರಣ ಬರೆದಿಡುವ ಈ ತಂತ್ರ ನನಗೆ ಒಳ್ಳೆಯ ಪತ್ತೇದಾರಿ ಕಾದಂಬರಿಯಷ್ಟೇ ಹಿಡಿಸಿದೆ.

ಇಷ್ಟೆಲ್ಲ ಮಾಡಿ ಕೊನೆಗೆ ಸಿಗುವುದು ಸಾಮಾನ್ಯವಾಗಿ ಎಂಥ ದೋಷ? ಕನ್ನಡ ವಾಚನಾಲಯವೊಂದಕ್ಕೆ ದಾನವಾಗಿ ಬಂದ ಮೇಜಿನ ಕಂಪ್ಯೂಟರೊಂದನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಲಗಿಸಿದ ಕೂಡಲೇ ಅದು ಏಳುತ್ತಿತ್ತು. ಲೆಕ್ಕ ನೋಡಿದಾಗ ಸಂಕೇತ ಬರುತ್ತಿದ್ದುದು ವಿಸ್ತರಣೆಯ ಹಲಗೆಗಳನ್ನು ಸಿಕ್ಕಿಸುವ ಒಂದು ಖಾಲಿ ಕಿಂಡಿಯ ಕಡೆಯಿಂದ. ಕೋಷ್ಟಕವನ್ನು ಬಿಡಿಸಿ ಓದಿದರೆ ಒಂದರ ಕೆಳಗೊಂದರಂತೆ ನಾಲ್ಕು ಕಿಂಡಿಗಳಿಗೂ ಅದೇ ಪಿಆರ್‌ಡಬ್ಲ್ಯು, ಅದೇ ಅಂಕಿಗಳು. ಒಂದನ್ನು ಬರೆದು ಮೂರನ್ನು ನಕಲಿಸಿದ್ದು ಸ್ಪಷ್ಟವಾಗಿತ್ತು. ಆ ಯಂತ್ರದಲ್ಲಿದ್ದುದೇ ಎರಡು ಕಿಂಡಿ. ಉಳಿದೆರಡು ಬೇರಾವುದೋ ದೊಡ್ಡಣ್ಣನ ಮಾದರಿಯಿಂದ ಬಂದ ಪ್ರಕ್ಷೇಪಗಳು. ತಯಾರಕರಿಗೆ ಬರೆದ ಪತ್ರಕ್ಕೆ ಉತ್ತರ ಬಂತು: ಈ ಮಾದರಿಯಲ್ಲಿ ನಾವು ಇಂಥ ಆಪರೇಟಿಂಗ್ ಸಿಸ್ಟಂ ಮಾತ್ರ ಪರೀಕ್ಷಿಸಿದ್ದೇವೆ. ನಾನು ಕೇಳಿದ್ದ ಪ್ರಶ್ನೆ ಅದಾಗಿರಲಿಲ್ಲ. ಇಲ್ಲದ ಕಿಂಡಿ ಇದೆಯೆಂದು ನಿಮ್ಮ ಕೋಷ್ಟಕ ಏಕೆ ಹೇಳುತ್ತದೆ ಎಂದು ಕೇಳಿದ್ದೆ.

ಇಂಥ ಪ್ರಕ್ಷೇಪಗಳು ಎಲ್ಲೆಲ್ಲೂ ಇವೆ. ಮೂಲ ಪ್ರತಿಯನ್ನು ಫರ್ಮ್‌ವೇರ್ ತಯಾರಿಸುವ ಕೆಲವೇ ಕಂಪನಿಗಳು ಬರೆಯುತ್ತವೆ. ಬೋರ್ಡು ಮಾಡುವವರು ಅದಕ್ಕೆ ತಮ್ಮ ಮಾತು ಸೇರಿಸುತ್ತಾರೆ, ಅದರ ಮೇಲೆ ತಮ್ಮ ಹೆಸರು ಹಚ್ಚಿ ಮಾರುವವರು ಇನ್ನಷ್ಟು. ಯಂತ್ರದ ಗುರುತಿನ ವಿವರಗಳನ್ನು ತೆರೆದು ನೋಡಿದರೆ ತಯಾರಕರ ಹೆಸರಿರಬೇಕಾದ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಓ.ಇ.ಎಂ.’, ಅಂದರೆ ‘ತಯಾರಕರು ತುಂಬತಕ್ಕದ್ದು’, ಎಂಬ ಸಾಲು ಹಾಗೆಯೇ ಉಳಿದಿರುವ ಯಂತ್ರಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದಂತೆ! ತನ್ನ ಹೆಸರನ್ನೇ ತುಂಬದವರು ಪಿಆರ್‌ಡಬ್ಲ್ಯು ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿರುತ್ತಾರೆ ಎಂದು ನಂಬುವುದು ಹೇಗೆ?

ಇನ್ನೊಂದು ಕಾರಣವೂ ಇದೆ. ಈ ಬರಹವನ್ನು ಸಂಕೇತಭಾಷೆಗೆ ಇಳಿಸುವ ಸಲಕರಣೆಗಳು ಎರಡು. ಒಂದು ಮೈಕ್ರೋಸಾಫ್ಟಿನದು, ಇನ್ನೊಂದು ಇಂಟೆಲಿನದು. ಇಂಟೆಲಿನದು ಕಟ್ಟುನಿಟ್ಟು, ಮೈಕ್ರೋಸಾಫ್ಟಿನದು ಉದಾರಿ. ಉದಾರಿಯ ಕೈಯಲ್ಲಿ ಪಾಸಾದ ಕೋಷ್ಟಕವನ್ನು ಬಿಡಿಸಿ, ಒಂದಕ್ಷರವನ್ನೂ ಬದಲಿಸದೆ, ಇಂಟೆಲಿನ ಸಲಕರಣೆಗೆ ಮರಳಿ ಒಪ್ಪಿಸಿದರೆ ಸಾಲು ಸಾಲಾಗಿ ದೋಷಗಳನ್ನು ಎತ್ತಿ ತೋರಿಸುವುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಲಿನಕ್ಸ್ ಏಳುವಾಗ ಪರದೆಯ ಮೇಲೆ ಹರಿದುಹೋಗುವ ಸಾಲುಗಳಲ್ಲಿ ‘ಎಸಿಪಿಐ ಬಯಾಸ್ ಎರರ್’ ಎಂದು ಆಗಾಗ ಕಾಣುವುದು ಈ ಕಾರಣಕ್ಕೆ. ಕರ್ನೆಲ್ ಆಗ ಪ್ರತಿಯಲ್ಲಿ ತಪ್ಪಿದೆ ಎಂದು ಅಡಿಟಿಪ್ಪಣಿ ಬರೆಯುತ್ತಿರುತ್ತದೆ. ಓದುವವರಿಲ್ಲ.

ತಪ್ಪನ್ನು ಓದುಗನೇ ತಿದ್ದಿಕೊಂಡ ಪ್ರಸಂಗಗಳಲ್ಲಿ 2018ರದು ನನಗೆ ಬಹಳ ಮುಖ್ಯವೆನಿಸುತ್ತದೆ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಎಂಬ ಲ್ಯಾಪ್‌ಟಾಪಿನ ಆರನೆಯ ಪೀಳಿಗೆ ಆ ವರ್ಷ ಮಾರುಕಟ್ಟೆಗೆ ಬಂತು. ಅದರ ಕೋಷ್ಟಕದಲ್ಲಿ ಎಸ್3 ನಿದ್ದೆಯ ಪ್ರಸ್ತಾಪವೇ ಇರಲಿಲ್ಲ. ಬದಲಿಗೆ ವಿಂಡೋಸ್ 10ಕ್ಕೆ ಹೊಂದುವ ಹೊಸ ಬಗೆಯ ತೂಕಡಿಕೆ ಮಾತ್ರ ಇತ್ತು. ಫೋನಿನಂತೆ ಅರ್ಧ ಎಚ್ಚರದಲ್ಲಿದ್ದು ಅಂಚೆ ತರಿಸಿಕೊಳ್ಳುವ ಸ್ಥಿತಿ ಅದು. ಲಿನಕ್ಸ್ ಹಾಕಿಕೊಂಡವರ ಯಂತ್ರಗಳು ಮಲಗಿದಂತೆ ನಟಿಸುತ್ತ ಬ್ಯಾಟರಿ ಕರಗಿಸತೊಡಗಿದವು. ಚಿಪ್ಪುಗಳಿಗೆ ಎಸ್3 ಗೊತ್ತಿತ್ತು. ಕೋಷ್ಟಕ ಅದನ್ನು ಹೇಳದೆ ಬಿಟ್ಟಿತ್ತು, ಅಷ್ಟೆ. ಬಳಕೆದಾರರು ಡಿಎಸ್‌ಡಿಟಿಯನ್ನು ಬಿಡಿಸಿ, ಬಿಟ್ಟುಹೋದ ಕಂಡಿಕೆಯನ್ನು ಸೇರಿಸಿ, ಯಂತ್ರ ಏಳುವಾಗ ತಿದ್ದಿದ ಪ್ರತಿಯನ್ನೇ ಕರ್ನೆಲಿಗೆ ಒದಗಿಸುವ ವಿಧಾನವನ್ನು ತಮ್ಮತಮ್ಮಲ್ಲಿ ಹಂಚಿಕೊಂಡರು. ಯಂತ್ರಗಳು ಗಾಢವಾಗಿ ಮಲಗಿದವು. ಅದೇ ವರ್ಷ ಕಂಪನಿಯೂ ಬಯಾಸಿನಲ್ಲಿ ಒಂದು ಆಯ್ಕೆ ಕೊಟ್ಟಿತು: ನಿದ್ದೆಯ ಬಗೆ, ವಿಂಡೋಸ್ 10 ಅಥವಾ ಲಿನಕ್ಸ್. ಕಂಪನಿಯನ್ನು ಇಲ್ಲಿ ಹೊಗಳಲೇಬೇಕು, ಕಿವಿಗೊಟ್ಟವರು ಕಡಿಮೆ. ಆದರೆ ಕಿವಿಗೊಡುವಂತಾದದ್ದು ಕೊಂಡವರು ಬರಹವನ್ನು ಓದಬಲ್ಲವರಾಗಿದ್ದರಿಂದ, ತಿದ್ದಿ ತೋರಿಸಬಲ್ಲವರಾಗಿದ್ದರಿಂದ.

ಈಗ ಸುಳ್ಳಿನ ಇನ್ನೊಂದು ಮುಖ. ಕೋಷ್ಟಕಕ್ಕೆ ತನ್ನನ್ನು ಓದುತ್ತಿರುವವರು ಯಾರು ಎಂದು ಕೇಳುವ ಹಕ್ಕಿದೆ. ನೀನು ವಿಂಡೋಸಿನ ಇಂಥ ಆವೃತ್ತಿಯೋ ಎಂದು ಅದು ಒಂದೊಂದೇ ಹೆಸರು ಹಿಡಿದು ಕೇಳುತ್ತದೆ. ಲಿನಕ್ಸ್ ಎಲ್ಲದಕ್ಕೂ ಹೌದೆನ್ನುತ್ತದೆ. ನೀನು ಲಿನಕ್ಸೋ ಎಂದು ಕೇಳಿದರೆ, 2007ರಿಂದೀಚೆಗೆ, ಅಲ್ಲ ಎನ್ನುತ್ತದೆ! ಕಾರಣ ಸರಳ. ನಿಜ ಹೇಳಿದರೆ ಕೋಷ್ಟಕ ಯಾರೂ ಪರೀಕ್ಷಿಸದ ಹಾದಿಗೆ ಕರೆದೊಯ್ಯುತ್ತದೆ, ಸುಳ್ಳು ಹೇಳಿದರೆ ಸವೆದ ಹಾದಿ ಸಿಗುತ್ತದೆ. ಪರವೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಮನೆಯೊಡೆಯರ ಭಾಷೆಯಲ್ಲೇ ಮಾತಾಡಿ, ಅವರ ಹಬ್ಬದ ಹೆಸರು ಹೇಳಿ, ತುಸು ತಮ್ಮವರೆನಿಸಿಕೊಳ್ಳುವ ನಮಗೆ ಈ ವೇಷದ ಅನಿವಾರ್ಯತೆ ಅರ್ಥವಾಗದೆ ಇರಲಾರದು. ಅರ್ಥವಾಗುತ್ತದೆಂದ ಮಾತ್ರಕ್ಕೆ ಅದರ ಬೆಲೆಯನ್ನು ಮರೆಯಬಾರದು. ಎಲ್ಲರೂ ವಿಂಡೋಸೆಂದೇ ಹೇಳಿಕೊಂಡರೆ ಬೇರೆಯವರೂ ಇದ್ದಾರೆಂದು ತಯಾರಕರಿಗೆ ತಿಳಿಯುವುದು ಎಲ್ಲಿಂದ?

ನಮ್ಮಲ್ಲಿ ಬಹಳ ಮಂದಿ ಹಳೆಯ ನುಡಿ ಕಡತಗಳನ್ನು ತೆರೆದು ಕಂಗಾಲಾದವರು. ಒಳಗಿರುವುದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳು. ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತಿದ್ದುದು ಆ ಫಾಂಟು. ಫಾಂಟಿಲ್ಲದ ಯಂತ್ರದಲ್ಲಿ ಹತ್ತು ವರ್ಷದ ಬರಹವೆಲ್ಲ ಕಲಸುಮೇಲೋಗರ. ಒಬ್ಬನೇ ಓದುಗನನ್ನು ನಂಬಿ ಬರೆದ ಬರಹದ ಗತಿ ಅದು. ಯೂನಿಕೋಡ್ ಬಂದ ಮೇಲೆ ನಾವು ಪಾರಾದೆವು. ಫರ್ಮ್‌ವೇರಿನ ಲೋಕ ಪಾರಾಗಿಲ್ಲ. ಅಲ್ಲಿ ಮಾನಕವಿದೆ, ಸಾವಿರ ಪುಟದ ಗ್ರಂಥವಿದೆ. ಆದರೂ ‘ವಿಂಡೋಸ್ ಏಳುತ್ತದೆಯೆ? ಹಾಗಾದರೆ ಸರಿ’ ಎಂಬುದೇ ಶುದ್ಧಪಾಠದ ಒರೆಗಲ್ಲು.

ಇದೆಲ್ಲ ದೊಡ್ಡ ಸಂಚು ಎನ್ನುವವರಿದ್ದಾರೆ. ಅವರ ಕೈಗೆ ಒಂದು ದಾಖಲೆಯೂ ಸಿಕ್ಕಿದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮೈಕ್ರೋಸಾಫ್ಟಿನ ಮೇಲೆ ನಡೆದ ಕೋಮ್ಸ್ ಮೊಕದ್ದಮೆಯಲ್ಲಿ ಹಾಜರಾದ ಕಾಗದಗಳಲ್ಲಿ ಬಿಲ್ ಗೇಟ್ಸ್ 1999ರ ಜನವರಿಯಲ್ಲಿ ಬರೆದ ಒಂದು ಟಿಪ್ಪಣಿಯಿದೆ. ಎಸಿಪಿಐಗೆ ಮಾಡುವ ವಿಸ್ತರಣೆಗಳನ್ನು ಹೇಗಾದರೂ ವಿಂಡೋಸಿಗೇ ಮೀಸಲಾಗುವಂತೆ ಮಾಡಬಾರದೇ, ನಮ್ಮ ದುಡಿಮೆಯ ಫಲ ಲಿನಕ್ಸಿಗೆ ಪುಕ್ಕಟೆ ಸಿಗಬೇಕೇ ಎಂಬ ಆಲೋಚನೆ ಅದರಲ್ಲಿದೆ. ಓದಿದರೆ ಸಿಟ್ಟು ಬರುವುದು ಸಹಜ. ಆದರೂ ಸಂಚಿನ ಸಿದ್ಧಾಂತ ನನಗೆ ಒಪ್ಪಿಗೆಯಿಲ್ಲ. 2008ರಲ್ಲಿ ಫಾಕ್ಸ್‌ಕಾನ್ ಕಂಪನಿಯ ಮದರ್‌ಬೋರ್ಡೊಂದರ ಕೋಷ್ಟಕವನ್ನು ಬಿಡಿಸಿ ನೋಡಿದ ಬಳಕೆದಾರರೊಬ್ಬರು, ಲಿನಕ್ಸನ್ನು ಕೆಡಿಸಲೆಂದೇ ಅದರಲ್ಲಿ ಬೇರೆ ದಾರಿ ಬರೆಯಲಾಗಿದೆ ಎಂದು ಆಪಾದಿಸಿದಾಗ ದೊಡ್ಡ ಗದ್ದಲವೆದ್ದಿತು. ಕರ್ನೆಲ್ ಬರೆಯುವ ಮ್ಯಾಥ್ಯೂ ಗ್ಯಾರೆಟ್ ಆ ಕೋಷ್ಟಕವನ್ನು ಕೂತು ಓದಿದರು. ಲಿನಕ್ಸ್ ತಾನು ವಿಂಡೋಸ್ ಎಂದೇ ಹೇಳಿಕೊಳ್ಳುವುದರಿಂದ ಆ ಬೇರೆ ದಾರಿಗೆ ಅದು ಹೋಗುವುದೇ ಇಲ್ಲ, ಇಲ್ಲಿರುವುದು ದೋಷವೇ ಹೊರತು ದ್ರೋಹವಲ್ಲ ಎಂದು ತೋರಿಸಿದರು. ಕಂಪನಿ ಬಯಾಸನ್ನು ತಿದ್ದಿ ಕೊಟ್ಟಿತು. ಪಠ್ಯವನ್ನು ಓದದೆ ಆಡುವ ವಿಮರ್ಶೆಗೂ ಓದಿ ಆಡುವ ವಿಮರ್ಶೆಗೂ ಇರುವ ಅಂತರ ಇದು. ಉಪೇಕ್ಷೆಗೆ ಸಂಚಿನ ಅಗತ್ಯವಿಲ್ಲ; ಸಂಚು ಕೂಡ ಇಷ್ಟು ಅಚ್ಚುಕಟ್ಟಾಗಿ ಕೆಲಸ ಕೆಡಿಸಲಾರದು.

ನಮ್ಮ ಕಡೆಯವರನ್ನೂ, ಅಂದರೆ ಲಿನಕ್ಸ್ ಬಳಸುವವರನ್ನೂ, ಬಿಡಬಾರದು. ಯಂತ್ರ ತಾನಾಗಿ ಏಳುತ್ತದೆ ಎಂದು ದೂರಿದವರಿಗೆ ಸಿಗುವ ಉತ್ತರ ಬಹುಶಃ ಒಂದು ಸಾಲಿನ ಆದೇಶ: ಇದನ್ನು ಬರೆದುಕೊಳ್ಳಿ, ಸರಿಹೋಗುತ್ತದೆ. ಬೇರೆ ಯಾರದೋ ಯಂತ್ರದಲ್ಲಿ ಜಿಪಿಪಿ0 ಎಂಬ ಹೆಸರಿನ ಸಾಧನ ತೊಂದರೆ ಕೊಟ್ಟಿತ್ತೆಂದು ಎಲ್ಲರೂ ಅದೇ ಹೆಸರನ್ನು ಬರೆಯುತ್ತಾರೆ. ಹೋಗದಿದ್ದರೆ ಯಾದಿಯಲ್ಲಿದ್ದ ಎಲ್ಲವನ್ನೂ ರದ್ದು ಮಾಡುತ್ತಾರೆ. ಆಮೇಲೆ ಕೀಲಿಮಣೆ ಒತ್ತಿದರೂ ಯಂತ್ರ ಏಳದು, ಮುಚ್ಚಳ ತೆರೆದರೂ ಏಳದು. ಯಾಕೆಂದು ತಿಳಿಯದೆ ನಕಲಿಸಿದ ಆದೇಶ ಇನ್ನೊಂದು ಪಾಠದೋಷವಾಗಿ ಊರೂರು ತಿರುಗುತ್ತದೆ. ಕರ್ನೆಲಿನೊಳಗೂ ಇಂಥ ಮಾದರಿಗೆ ಇಂಥ ಉಪಾಯ ಎಂಬ ಉದ್ದನೆಯ ಪಟ್ಟಿಗಳಿವೆ. ಅವು ಬೇಕು, ಅವಿಲ್ಲದೆ ನಮ್ಮ ಯಂತ್ರಗಳು ನಡೆಯುವುದಿಲ್ಲ. ಆದರೆ ಒಂದೊಂದು ಹೊಸ ಸಾಲು ಸೇರಿದಾಗಲೂ ತಯಾರಕರ ಮೇಲಿನ ಒಂದು ದೂರು ಮುಚ್ಚಿಹೋಗುತ್ತದೆ.

ತಿದ್ದುವ ಸ್ವಾತಂತ್ರ್ಯಕ್ಕೆ ಎದುರಾಗಿ ನಿಲ್ಲುವ ಒಂದೇ ಗಟ್ಟಿ ವಾದ ಸುರಕ್ಷತೆಯದು. ಕೋಷ್ಟಕ ಒಂದು ಕ್ರಮವಿಧಿ, ಕರ್ನೆಲಿನ ಅಧಿಕಾರದಲ್ಲೇ ಅದು ನಡೆಯುತ್ತದೆ. ಅದರಲ್ಲಿ ದುರುಳರ ಸಾಲೊಂದು ಸೇರಿದರೆ ಯಂತ್ರವೆಲ್ಲ ಅವರ ಕೈವಶ. ಇದು ಬರಿಯ ಊಹೆಯಲ್ಲ. 2006ರಲ್ಲೇ ಜಾನ್ ಹೀಸ್‌ಮನ್ ಎಂಬ ಸಂಶೋಧಕರು ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಎಸಿಪಿಐ ಕೋಷ್ಟಕದೊಳಗೆ ಅಡಗುವ ಕುತಂತ್ರಾಂಶವನ್ನು ಹೇಗೆ ಕಟ್ಟಬಹುದೆಂದು ವಿವರಿಸಿದರು. ಹಾಗಾಗಿ 2019ರ ಲಿನಕ್ಸ್ 5.4ರಲ್ಲಿ ಲಾಕ್‌ಡೌನ್ ಎಂಬ ಕಟ್ಟು ಬಂತು. ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದಾಗ ಅನೇಕ ವಿತರಣೆಗಳು ಅದನ್ನು ತಾವಾಗಿ ಬಿಗಿಯುತ್ತವೆ. ತಿದ್ದಿದ ಕೋಷ್ಟಕವನ್ನು ಕರ್ನೆಲ್ ಆಗ ಸ್ವೀಕರಿಸುವುದಿಲ್ಲ. ಈ ಎಚ್ಚರಿಕೆ ನ್ಯಾಯವಾದುದೇ. ಆದರೆ ಇದರ ಫಲವನ್ನು ನೋಡಿ: ತಯಾರಕರ ತಪ್ಪಿಗೆ ಸಹಿ ಇದೆ, ಒಡೆಯನ ತಿದ್ದುಪಡಿಗೆ ಸಹಿ ಇಲ್ಲ. ಯಂತ್ರ ತಪ್ಪನ್ನು ನಂಬುತ್ತದೆ, ತಿದ್ದುಪಡಿಯನ್ನು ಕಳ್ಳನಂತೆ ತಡೆಯುತ್ತದೆ. ನೆಮ್ಮದಿಯ ನಿದ್ದೆ ಬೇಕಾದರೆ ಬೀಗ ತೆಗೆದಿಡು, ಬೀಗ ಬೇಕಾದರೆ ನಿದ್ದೆ ಬಿಡು ಎಂಬ ಆಯ್ಕೆಯನ್ನು ಸಾಮಾನ್ಯ ಬಳಕೆದಾರನ ಮುಂದಿಡುವುದು ಸರಿಯಲ್ಲ. ಒಡೆಯ ತನ್ನದೇ ಕೀಲಿಯಿಂದ ಸಹಿ ಹಾಕಿದ ಕೋಷ್ಟಕವನ್ನು ಒಪ್ಪಿಕೊಳ್ಳುವ ವ್ಯವಸ್ಥೆ ಅಸಾಧ್ಯವೇನಲ್ಲ. ಕರ್ನೆಲಿನ ಘಟಕಗಳಿಗೆ ಅಂಥ ಸಹಿ ಹಾಕುವ ಪದ್ಧತಿ ಈಗಾಗಲೇ ಇದೆ.

ಈ ಮಾತು ಈಗಲೇ ಆಡಬೇಕಾದದ್ದು ಏಕೆಂದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಒಪ್ಪದ, ಆದರೆ ಗಟ್ಟಿಮುಟ್ಟಾಗಿರುವ ಯಂತ್ರಗಳು ಅಸಂಖ್ಯ. ಅವುಗಳಲ್ಲಿ ಒಂದಿಷ್ಟು ಲಿನಕ್ಸ್ ಹಾಕಿಸಿಕೊಂಡು ವಿದ್ಯಾರ್ಥಿಗಳ, ವಾಚನಾಲಯಗಳ, ಸಣ್ಣ ಅಂಗಡಿಗಳ ಮೇಜಿಗೆ ಬರುತ್ತಿವೆ. ಬಂದ ವಾರದಲ್ಲೇ ಯಂತ್ರ ಚೀಲದಲ್ಲಿ ಕಾದರೆ, ಮಲಗಿದ್ದು ಏಳದಿದ್ದರೆ, ಹದಿನೆಂಟರ ಹುಡುಗಿಯೊಬ್ಬಳು ಕೋಷ್ಟಕ ಬಿಡಿಸಿ ಓದುತ್ತ ಕೂರುವುದಿಲ್ಲ. ಕೆಟ್ಟಿದೆ ಎಂದುಕೊಳ್ಳುತ್ತಾಳೆ, ಮನೆಯವರು ಮತ್ತೆ ಸಾಲ ಮಾಡುತ್ತಾರೆ. ಹಳೆಯದು ಗುಜರಿಗೆ ಹೋಗುತ್ತದೆ. ಒಂದು ಅಂಕಿ ತಪ್ಪಿದ್ದಕ್ಕೆ ತೆತ್ತ ಬೆಲೆ ಅದು.

ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನೇ ತೆರೆಯಿತು. ಕೃಷಿ ಯಂತ್ರಗಳು, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಧನಗಳು, ಗೃಹಬಳಕೆಯ ವಸ್ತುಗಳು, ವಾಹನಗಳು, ಹೀಗೆ ನಾಲ್ಕು ವಲಯಗಳನ್ನು ಅದು ಹೆಸರಿಸಿದೆ. ಒಳ್ಳೆಯ ಆರಂಭ. ಆದರೆ ದುರಸ್ತಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ತಿರುಪು, ಪರದೆ, ಬ್ಯಾಟರಿ. ಬರಹದ ದುರಸ್ತಿಯೂ ದುರಸ್ತಿಯೇ ಎಂಬುದು ಆ ಚರ್ಚೆಯಲ್ಲಿ ಸೇರಬೇಕು. ಫರ್ಮ್‌ವೇರಿನ ಜತೆಗೆ ಕೋಷ್ಟಕದ ಮೂಲಪಾಠವನ್ನೂ ಕೊಡಲಿ. ಅದರಲ್ಲಿ ವ್ಯಾಪಾರದ ಗುಟ್ಟೇನೂ ಇಲ್ಲ, ಹೇಗಿದ್ದರೂ ಬಿಡಿಸಿ ಓದಬಹುದಾದದ್ದೇ. ಯಂತ್ರಕ್ಕೆ ಗೊತ್ತಿರುವ ಎಸ್3ಯನ್ನು ಅಡಗಿಸದೆ ಬಯಾಸಿನಲ್ಲಿ ಆಯ್ಕೆಯಾಗಿ ಇಡಲಿ. ಇದಕ್ಕೆ ಖರ್ಚು ಬರುತ್ತದೆ ಎನ್ನುವವರಿಗೆ ಉತ್ತರ: ಕಟ್ಟುನಿಟ್ಟಾಗಿ ಪರೀಕ್ಷಿಸುವ ಇಂಟೆಲಿನ ಸಲಕರಣೆ ಉಚಿತ, ಕೆನಾನಿಕಲ್ ಕಂಪನಿ ರೂಪಿಸಿದ ಫರ್ಮ್‌ವೇರ್ ಪರೀಕ್ಷಾ ಸಂಪುಟವೂ ಉಚಿತ. ಮಾರುವ ಮುಂಚೆ ಒಂದು ಮಧ್ಯಾಹ್ನ ಅವುಗಳಿಗೆ ಒಪ್ಪಿಸಿದ್ದರೆ ವಾಚನಾಲಯದ ಆ ಇಲ್ಲದ ಕಿಂಡಿಗಳು ಅಲ್ಲೇ ಸಿಕ್ಕಿಬೀಳುವ ಸಂಭವವಿತ್ತು.

ಅಲ್ಲಿಯವರೆಗೆ ಲ್ಯಾಮಿಂಗ್ಟನ್ ರಸ್ತೆಯಲ್ಲೋ, ನೆಹರೂ ಪ್ಲೇಸಿನಲ್ಲೋ, ರಿಚಿ ಸ್ಟ್ರೀಟಿನಲ್ಲೋ ಹಳೆಯ ಲ್ಯಾಪ್‌ಟಾಪ್ ಕೊಳ್ಳಹೋಗುವವರು ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್ ಜತೆಗಿಟ್ಟುಕೊಳ್ಳಿ. ಅಂಗಡಿಯವರನ್ನು ಕೇಳಿ ಅದರಿಂದಲೇ ಯಂತ್ರವನ್ನು ಎಬ್ಬಿಸಿ. ಸಿಸ್ ಎಂಬ ಕೋಶದ ಪವರ್ ಎಂಬ ಒಳಕೋಶದಲ್ಲಿ ಮೆಮ್ ಸ್ಲೀಪ್ ಎಂಬ ಕಡತವಿರುತ್ತದೆ; ಅದರಲ್ಲಿ ‘ಡೀಪ್’ ಎಂಬ ಪದ ಇದ್ದರೆ ಕೋಷ್ಟಕ ಎಸ್3ಯನ್ನು ಒಪ್ಪಿಕೊಂಡಿದೆ ಎಂದರ್ಥ. ಆಮೇಲೆ ಯಂತ್ರವನ್ನು ಮಲಗಿಸಿ, ಮುಚ್ಚಳ ಹಾಕಿ, ಎದುರಿನ ಅಂಗಡಿಯಲ್ಲಿ ಒಂದು ಕಟಿಂಗ್ ಚಹಾ ಕುಡಿದು ಬನ್ನಿ. ಮರಳಿದಾಗ ಅದರ ಬೆನ್ನು ತಣ್ಣಗಿರಬೇಕು, ಮುಚ್ಚಳ ತೆರೆದ ಕೂಡಲೇ ಏಳಬೇಕು. ಬೆನ್ನು ಬಿಸಿಯಾಗಿದ್ದರೆ ಬೆಲೆಯಲ್ಲಿ ಚೌಕಾಶಿ ಮಾಡಿ, ಇಲ್ಲವೆ ಪಕ್ಕದ ಅಂಗಡಿಗೆ ಹೋಗಿ.